ನಾಲ್ಕು ಟೈರು, ಒಂದು ಸ್ಟೆಪ್ನಿ

ಟೈರಿನ ವಿಷಯದಲ್ಲಿ ತನಗೆ ಟೋಪಿ ಹಾಕೋರು ಇನ್ನೂ ಹುಟ್ಟಿಲ್ಲ ಅಂತ ಗೇಜಮ್ಮನಿಗೆ ಒಂದು ಜಂಬ ಇತ್ತು. ಇರಲಿ ಬಿಡಿ, ಪಾಪ, ಅವಳಿಗಿದ್ದದ್ದು ಅದೊಂದೇ ಜಂಬ. ಅಪ್ಪನದು ಟೈರಿನಂಗಡಿ. ಎಂಟು ವರ್ಷದವಳಿದ್ದಾಗಲೇ ಟೈರಿನ ಸಂದಿಗೆ ಉಗುರು ತೂರಿಸಿ, "ಇದು ಇನ್ನು ನಾಲ್ಕು ತಿಂಗಳು, ಇದು ಎರಡೇ" ಅಂತ ಗಿರಾಕಿಗಳ ಎದುರಿಗೇ ಪಟಪಟ ಹೇಳಿ ಅಪ್ಪನ ವ್ಯಾಪಾರ ಕೆಡಿಸುತ್ತಿದ್ದಳು. ಅಳೆಯೋಕೆ ಗೇಜು ಯಾಕೆ, ಇವಳಿದ್ದಾಳಲ್ಲ ಅಂತ ಫಿಟ್ಟರುಗಳು ಇಟ್ಟ ಹೆಸರು ಅದು. ಈಗ ಅವಳಿಗೆ ನಲವತ್ತಾರು. ಅಪ್ಪ ಹೋದರು, ಅಂಗಡಿ ಅಪ್ಪನ ಹಳೇ ಫಿಟ್ಟರನ ಪಾಲಾಯಿತು, ಹೆಸರು ಮಾತ್ರ ಇವಳಿಗೇ ಉಳಿಯಿತು.

ಐದು ವರ್ಷದ ಹಿಂದೆ ಅವಳ ತಂಗಿ ಮೂರೇ ಮೂರು ದಿನದ ಜ್ವರಕ್ಕೆ ತೀರಿಕೊಂಡಳು, ಒಂಬತ್ತು ತಿಂಗಳ ಕೂಸನ್ನು ಬಿಟ್ಟು. ತಂಗಿಯ ಗಂಡ ಸರ್ವೆಯರ್. ಊರವರ ಜಮೀನನ್ನೆಲ್ಲ ಒಂದಂಗುಲ ತಪ್ಪದೆ ಅಳೆಯುವ ಮನುಷ್ಯನಿಗೆ ಕೂಸಿನ ಹಾಲಿಗೆ ಎಷ್ಟು ನೀರು ಬೆರೆಸಬೇಕು ಅನ್ನೋದು ಗೊತ್ತಿರಲಿಲ್ಲ. "ಒಂದು ತಿಂಗಳು ಇದ್ದು ಹೋಗಿ ಅಕ್ಕಾ" ಅಂತ ಕೈ ಮುಗಿದ. ಗೇಜಮ್ಮ ಬಂದಳು. ಎರಡನೇ ತಿಂಗಳಿಗೆ ಬಾಡಿಗೆ ಕೋಣೆ ಬಿಟ್ಟಳು, ಆರನೇ ತಿಂಗಳಿಗೆ ಹೊಲಿಗೆ ಮೆಷಿನ್ನು ಮಾರಿದಳು. ಆಮೇಲೆ ತಿಂಗಳು ಲೆಕ್ಕ ಹಾಕೋರು ಯಾರು? ಪುಟ್ಟಿಗೆ ಹಲ್ಲು ಬಂದದ್ದು, ದಡಾರ ಬಂದದ್ದು, ಅಕ್ಷರ ಬಂದದ್ದು ಎಲ್ಲ ಇವಳ ಮಡಿಲಲ್ಲೇ. ಅವಳ ಪ್ರಾಣ ಅಂದರೆ ಆ ಮಗು. ಇದನ್ನ ಸುತ್ತಿ ಬಳಸಿ ಹೇಳೋದರಲ್ಲಿ ಅರ್ಥವಿಲ್ಲ.

ಹೋದ ಭಾನುವಾರ ಬೆಳಿಗ್ಗೆ ಅವಳು ಹಿಂಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಸರ್ವೆಯರ್ ಗೋಡೆಯ ಆಚೆ ಕಾರಿಗೆ ಒರಗಿಕೊಂಡು ಫೋನಿನಲ್ಲಿ ಯಾರೋ ಗೆಳೆಯನ ಜೊತೆ ನಗ್ತಾ ಮಾತಾಡುತ್ತಿದ್ದ. "ಸ್ಟೆಪ್ನಿ ಮೇಲೆ ಎಷ್ಟು ದಿನ ಅಂತ ಓಡಿಸ್ಲಿ, ನೀನೇ ಹೇಳು. ಐದು ವರ್ಷ ಆಯ್ತು! ಚೆನ್ನಾಗೇ ಓಡ್ತಪ್ಪ, ಇಲ್ಲ ಅನ್ನಲ್ಲ. ಆದ್ರೂ ಸ್ಟೆಪ್ನಿ ಸ್ಟೆಪ್ನಿನೇ. ಹೊಸದು ಹಾಕ್ಲೇಬೇಕು."

ಸ್ಟೆಪ್ನಿ ಅಂದರೆ ಗೊತ್ತಲ್ಲ, ದಾರಿಯಲ್ಲಿ ಪಂಕ್ಚರ್ ಆದರೆ ಇರಲಿ ಅಂತ ಡಿಕ್ಕಿಯಲ್ಲಿ ಇಟ್ಟಿರೋ ಐದನೇ ಚಕ್ರ. ನಾಲಿಗೆ ಹರಿಬಿಡೋ ಗಂಡಸರು ಆ ಮಾತನ್ನು ಚಕ್ರಕ್ಕೆ ಮಾತ್ರ ಬಳಸೋದಿಲ್ಲ, ಹೆಂಗಸರಿಗೂ ಬಳಸ್ತಾರೆ ಅನ್ನೋದೂ ನಿಮಗೆ ಗೊತ್ತು. ಬೇರೆ ಯಾವ ಹೆಂಗಸಾಗಿದ್ದರೂ ಕಿವಿ ನಿಮಿರಿಸುತ್ತಿದ್ದಳು. ಆದರೆ ಟೈರಿನಂಗಡಿಯ ಮಗಳಿಗೆ ಸ್ಟೆಪ್ನಿ ಅಂದರೆ ಟೈರೇ! ಅವಳ ಎದೆ ಧಸಕ್ ಅಂದದ್ದು ಬೇರೆ ಕಾರಣಕ್ಕೆ. ಐದು ವರ್ಷ ಸ್ಟೆಪ್ನಿ ಮೇಲೆ ಓಡಿಸೋದೇ? ನನ್ನ ಮಗು ಕೂರೋ ಗಾಡಿಯನ್ನ?

ಅವತ್ತು ಊಟ ಬಡಿಸುತ್ತಾ, "ಟೈರ್ ಹಾಕ್ಸೋಣ. ನನ್ನ ಕರ್ಕೊಂಡು ಹೋಗಿ. ಒಬ್ಬರೇ ಹೋದ್ರೆ ಟೋಪಿ ಹಾಕಿ ಕಳಿಸ್ತಾರೆ" ಅಂದಳು.

ಅವನು ತುತ್ತು ಹಿಡಿದುಕೊಂಡೇ ಅವಳ ಮುಖ ನೋಡಿದ. "ಟೈರಾ?"

"ನೀವೇ ಫೋನಲ್ಲಿ ಹೇಳ್ತಿದ್ರಲ್ಲ, ಸ್ಟೆಪ್ನಿ ಮೇಲೆ ಓಡಿಸ್ತಿದೀನಿ ಅಂತ. ಕೇಳಿಸ್ತು."

ಅವನಿಗೆ ನೆತ್ತಿಗೆ ಹತ್ತಿತು. ಅವಳೇ ನೀರು ಕೊಟ್ಟು ತಲೆ ತಟ್ಟಿದಳು. "ಆಯ್ತಕ್ಕಾ, ಟೈರ್ ಹಾಕ್ಸೋಣ" ಅಂದ, ಕೆಮ್ಮು ನಿಂತ ಮೇಲೆ.

ಮುಂದಿನ ಶನಿವಾರ ಅವನಿಗೆ ರಜ. ಪುಟ್ಟಿಯನ್ನು ಸ್ಕೂಲಿಗೆ ಬಿಟ್ಟು ಇಬ್ಬರೂ ಅಂಗಡಿಗೆ ಹೋದರು. ಹಳೇ ಫಿಟ್ಟರ್, ಈಗಿನ ಯಜಮಾನ, ದೂರದಿಂದಲೇ ಕೂಗಿದ. "ಬಂದ್ಲಪ್ಪಾ ಗೇಜಮ್ಮ! ಇವತ್ತು ನನ್ನ ಲಾಭಕ್ಕೆ ಬಿತ್ತು ಕೊಳ್ಳಿ!"

"ನಿಮ್ಮ ಹೊಟ್ಟೆ ನೋಡಿದ್ರೆ ಲಾಭಕ್ಕೇನೂ ಕಮ್ಮಿ ಆದ ಹಾಗಿಲ್ಲ ಅಣ್ಣಾ" ಅಂದಳು. ಅಂಗಡಿಯ ರಬ್ಬರ್ ವಾಸನೆ ಮೂಗಿಗೆ ಬಡಿದರೆ ಅವಳಿಗೆ ತವರಿಗೆ ಬಂದಷ್ಟು ಖುಷಿ.

ಸರ್ವೆಯರ್ ನೇರ ಮೂಲೆಯ ರಾಶಿಗೆ ಹೋದ. ಹಳೇ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದು, ಎಲ್ಲಕ್ಕಿಂತ ಅಗ್ಗ. "ಇದೇ ಸಾಕಲ್ಲ ಅಕ್ಕಾ?"

"ಹಳೇ ಚಪ್ಪಲಿಗೆ ಅಟ್ಟೆ ಹೊಡೆಸಿದ ಹಾಗೆ ಅದು. ಬಿಸಿಲಲ್ಲಿ ಜೋರಾಗಿ ಓಡಿಸಿದ್ರೆ ಸಿಪ್ಪೆ ಏಳುತ್ತೆ. ಬಿಡಿ."

ಆಮೇಲೆ ಸರ್ವೆಯರ್ ಹೆಸರಾಂತ ಕಂಪನಿಯ ಒಂದು ಟೈರು ತೋರಿಸಿದ, ಅರ್ಧ ರೇಟಿಗೆ ಇಟ್ಟಿದ್ದು. ಗೇಜಮ್ಮ ಅದರ ಪಕ್ಕೆಯನ್ನು ಬಟ್ಟೆಯಿಂದ ಒರೆಸಿ, ಅಂಡಾಕಾರದ ಗೆರೆಯೊಳಗಿನ ನಾಲ್ಕು ಅಂಕಿ ಓದಿದಳು. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. "ಐದು ವರ್ಷದಿಂದ ಗೋಡೆಗೆ ಒರಗಿ ಕೂತಿದೆ. ಹೊಸದಾಗಿ ಕಂಡ್ರೂ ಒಳಗೊಳಗೇ ಒಣಗಿರುತ್ತೆ. ಅಣ್ಣಾ, ಯಾರಿಗೆ ಮಾರೋಕೆ ಇಟ್ಟಿದೀರಾ ಇದನ್ನ?"

"ನೀನು ಬರದೇ ಇರೋ ದಿನದ ಗಿರಾಕಿಗೆ, ತಾಯಿ" ಅಂತ ಯಜಮಾನ ನಕ್ಕ.

ಕಡೆಗೆ ಅವಳು ಆರಿಸಿದ್ದು ಯಾರೂ ಕೇಳಿರದ ಒಂದು ಸಣ್ಣ ಕಂಪನಿಯದು. ತಯಾರಾಗಿ ಮೂರೇ ತಿಂಗಳು. ಸಂದಿ ಆಳ, ಪಕ್ಕೆ ಗಟ್ಟಿ, ಅಳತೆ ಸರಿ. ಹೆಸರಿಗೆ ದುಡ್ಡು ಕೊಡಬೇಡಿ, ರಬ್ಬರಿಗೆ ಕೊಡಿ ಅಂತ ಅಪ್ಪ ಹೇಳುತ್ತಿದ್ದ ಮಾತನ್ನೇ ಅವನಿಗೂ ಹೇಳಿದಳು. "ಐದು ಕೊಡಿ ಅಣ್ಣಾ. ಸ್ಟೆಪ್ನಿ ಮೇಲೇ ಓಡಿಸಿ ಓಡಿಸಿ ಸವೆಸಿಟ್ಟಿದಾರೆ ಪುಣ್ಯಾತ್ಮರು."

"ಐದು ಬೇಡ ಅಕ್ಕಾ, ನಾಲ್ಕು ಸಾಕು" ಅಂದ ಅವನು ಗಡಿಬಿಡಿಯಲ್ಲಿ.

"ಸುಮ್ನಿರಿ, ನಿಮಗೇನು ಗೊತ್ತಾಗುತ್ತೆ."

ಯಜಮಾನ ಅಷ್ಟರಲ್ಲಿ ಜಾಕ್ ಏರಿಸಿ ಕಾರಿನ ಸುತ್ತ ಒಂದು ಸುತ್ತು ಬಂದಿದ್ದ. "ಗೇಜಮ್ಮ, ಇವು ನಾಲ್ಕೂ ಒಂದೇ ವಾರದ್ದು. ಕಾರ್ ಜೊತೆಗೇ ಬಂದಿದ್ದು. ಇದ್ರಲ್ಲಿ ಸ್ಟೆಪ್ನಿ ಎಲ್ಲಿದೆ?"

ಅವಳು ಬಗ್ಗಿ ನೋಡಿದಳು. ಹೌದು. ನಾಲ್ಕೂ ಒಂದೇ ತರ ಬೋಳು, ನಾಲ್ಕರ ಮೇಲೂ ಅದೇ ಅಂಕಿ. ಎದ್ದು ಹೋಗಿ ಡಿಕ್ಕಿ ತೆಗೆದಳು, ಹಾಸು ಎತ್ತಿದಳು. ಸ್ಟೆಪ್ನಿ ಅಲ್ಲೇ ಮಲಗಿತ್ತು. ಮೇಲೆ ಒಂದು ಪದರ ಧೂಳು. ಹೊಸ ಟೈರಿನ ಮೈಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು ಇರುತ್ತಲ್ಲ, ರಸ್ತೆಗೆ ಬಿದ್ದ ನಾಲ್ಕು ದಿನಕ್ಕೆ ಸವೆದು ಹೋಗುವಂಥವು, ಅವು ಒಂದೂ ಮುರಿದಿರಲಿಲ್ಲ. ಈ ಸ್ಟೆಪ್ನಿ ಒಂದು ಮಾರು ದೂರ ಕೂಡ ರಸ್ತೆಯಲ್ಲಿ ಓಡಿರಲಿಲ್ಲ.

ಗೇಜಮ್ಮ ಆ ಕೂದಲಿನ ಮೇಲೆ ಬೆರಳಾಡಿಸುತ್ತಾ ನಿಂತಳು. ಐದು ವರ್ಷ ಆಯ್ತು. ಚೆನ್ನಾಗೇ ಓಡ್ತು, ಇಲ್ಲ ಅನ್ನಲ್ಲ. ಒಂದೊಂದೇ ಮಾತು ವಾಪಸ್ ಬಂತು, ಈ ಸಲ ಸರಿಯಾದ ಅರ್ಥದಲ್ಲಿ ಬಂತು.

"ಇದು ಹೊರಗೇ ಬಂದಿಲ್ಲವಲ್ಲ. ಮತ್ತೆ ಐದು ವರ್ಷ ಓಡಿಸಿದ ಸ್ಟೆಪ್ನಿ ಯಾವುದು?" ಅಂತ ಕೇಳಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸರ್ವೆಯರ್ ಹೆಗಲು, ಕತ್ತು, ಜೇಬು ಎಲ್ಲ ಮುಟ್ಟಿಕೊಂಡ. "ಅಕ್ಕಾ, ಅದು... ಅವನ ಹತ್ರ ಏನೋ ಬಾಯಿಗೆ ಬಂದದ್ದು ಅಂದೆ. ತಮಾಷೆಗೆ."

"ಹೊಸದು ಯಾರು?"

ಯಜಮಾನ ಏನೋ ತರುವವನ ಹಾಗೆ ಒಳಗೆ ಹೋದ. ಸರ್ವೆಯರ್ ನೆಲ ನೋಡುತ್ತಾ ಹೇಳಿದ. ಇನ್ನೂರು ಕಿಲೋಮೀಟರ್ ಆಚೆಯ ಊರು. ಅವಳು ಸ್ಕೂಲ್ ಟೀಚರ್, ಒಳ್ಳೆಯವಳು. ತನಗೂ ಆ ಊರಿಗೇ ವರ್ಗ ಆಗಿದೆ. ಪರೀಕ್ಷೆ ಮುಗಿದ ತಕ್ಷಣ ಮಗೂನ ಕರ್ಕೊಂಡು ಹೊರಡೋದು. "ಹೇಳ್ಬೇಕು ಅಂತ ಮೂರು ತಿಂಗಳಿಂದ ಒದ್ದಾಡ್ತಿದೀನಿ ಅಕ್ಕಾ. ನಾಲಿಗೆನೇ ಏಳ್ಲಿಲ್ಲ. ನಿಮ್ಮ ಋಣ ಈ ಜನ್ಮದಲ್ಲಿ ತೀರ್ಸೋಕಾಗಲ್ಲ."

ನೋಡಿ ಮಾತು! ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನೋರು ಕೂಡ ಇಷ್ಟು ಬೆಣ್ಣೆ ಹಚ್ಚಲ್ಲ. ಗೇಜಮ್ಮನಿಗೆ ಅವನ ಮದುವೆಯ ಬಗ್ಗೆ ಹೊಟ್ಟೆಕಿಚ್ಚಿರಲಿಲ್ಲ. ಮಾಡಿಕೊಳ್ಳಲಿ, ಚಿಕ್ಕ ವಯಸ್ಸು. ಆದರೆ ಮಗು?

"ಪುಟ್ಟಿ ಬರಲ್ಲ. ನನ್ನ ಬಿಟ್ಟು ಒಂದು ದಿನ ಇರಲ್ಲ ಅವಳು. ಬೇಕಾದ್ರೆ ಕೇಳಿ ನೋಡಿ. ಅವಳು ಬರ್ತೀನಿ ಅಂದ್ರೆ ನಾನು ಅಡ್ಡ ಬರಲ್ಲ" ಅಂದಳು. ಅವನು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಆ ಮೌನವನ್ನು ಅವಳು ಸೋಲು ಅಂತ ತಿಳಿದಳು. ಸ್ವಲ್ಪ ಧೈರ್ಯ ಬಂತು.

ಯಜಮಾನ ಹೊರಗೆ ಬಂದು ಅವಳ ಪಕ್ಕ ನಿಂತು ಮೆಲ್ಲಗೆ ಕೇಳಿದ. "ತಾಯಿ, ಆ ಅಟ್ಟೆ ಹೊಡೆದದ್ದನ್ನೇ ಹಾಕಿ ಕಳಿಸ್ಲಾ? ಅವನ ಯೋಗ್ಯತೆಗೆ ಅದೇ ಜಾಸ್ತಿ."

ಅವಳಿಗೆ ಒಂದು ಗಳಿಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಆಮೇಲೆ ತಲೆಯಾಡಿಸಿದಳು. "ಬೇಡ ಅಣ್ಣಾ. ಮಗು ಕೂರುತ್ತೆ. ನಾನು ಆರಿಸಿದ್ದೇ ಹಾಕಿ, ಗಾಳಿ ನೀವೇ ನೋಡಿ."

ಪ್ರತಿ ಚಕ್ರದ ಬೋಲ್ಟು ಬಿಗಿಯಾಯಿತೋ ಇಲ್ಲವೋ ಅಂತ ಅವಳೇ ನಿಂತು ನೋಡಿದಳು. ಅಷ್ಟರಲ್ಲಿ ಸ್ಕೂಲು ಬಿಡುವ ಹೊತ್ತಾಗಿತ್ತು. ಸ್ಕೂಲಿನ ಕಡೆ ಹೊರಟರು. ಹಿಂದಿನ ಸೀಟಿನಲ್ಲಿ ಕೂತ ಗೇಜಮ್ಮ, ಮಗು ಹೇಗೆ ಅಳುತ್ತೆ, ಹೇಗೆ ತನ್ನ ಕುತ್ತಿಗೆಗೆ ಜೋತುಬೀಳುತ್ತೆ, ಆಗ ಇವನ ಮುಖ ಹೇಗಾಗುತ್ತೆ ಅಂತ ಯೋಚಿಸುತ್ತಿದ್ದಳು. ಅದೊಂದೇ ಆಸೆ ಅವಳನ್ನು ಹಿಡಿದು ಕೂರಿಸಿತ್ತು.

ಪುಟ್ಟಿ ಬ್ಯಾಗ್ ಎಸೆದು ಅವಳ ಪಕ್ಕ ಹತ್ತಿ ಕೂತಳು. ಅಪ್ಪನ ಮುಖ ನೋಡಿದಳು, ದೊಡ್ಡಮ್ಮನ ಮುಖ ನೋಡಿದಳು. ಮಕ್ಕಳಿಗೆ ಗಾಳಿಯಲ್ಲೇ ಗೊತ್ತಾಗುತ್ತೆ.

"ಅಪ್ಪಾ, ಹೇಳಿದ್ಯಾ? ದೊಡ್ಡಮ್ಮಂಗೆ ಹೇಳಿದ್ಯಾ? ಈಗ ನಾನೂ ಹೇಳ್ಬಹುದಾ?"

ಅವನು ಸ್ಟೀರಿಂಗ್ ಹಿಡಿದುಕೊಂಡು ಹೂಂ ಅಂದ.

ಅಷ್ಟು ದಿನ ಹೊಟ್ಟೆಯಲ್ಲಿ ಕಟ್ಟಿಟ್ಟಿದ್ದ ಗುಟ್ಟು, ಒಮ್ಮೆಗೇ ಹೊರಗೆ ಬಂತು. "ದೊಡ್ಡಮ್ಮಾ, ಆ ಮನೇಲಿ ಮೆಟ್ಟಿಲಿದೆ! ಒಳಗಡೆನೇ! ನಂಗೆ ಅಂತ ಕಿಟಕಿ ಹತ್ರ ಮೇಜು. ಟೀಚರ್ ಆಂಟಿ ಎಷ್ಟು ಚೆನ್ನಾಗಿ ಕತೆ ಹೇಳ್ತಾರೆ ಗೊತ್ತಾ? ಅಪ್ಪನ ಆಫೀಸ್ ಪಿಕ್ನಿಕ್ ಅಂತ ನಿಂಗೆ ಹೇಳಿ ಎರಡು ಸಲ ಅಲ್ಲಿಗೇ ಹೋಗಿದ್ವಿ. ನಾನು ಯಾರಿಗೂ ಹೇಳ್ಲಿಲ್ಲ, ನಿಂಗೂ ಹೇಳ್ಲಿಲ್ಲ, ಜಾಣೆ ಅಲ್ವಾ ನಾನು?"

"ಜಾಣೆ ಕಣೇ" ಅಂದಳು ಗೇಜಮ್ಮ. ಹೇಗೆ ಅಂದಳೋ ದೇವರಿಗೇ ಗೊತ್ತು. "ನಿಂಗೆ ಇಷ್ಟಾನಾ ಅಲ್ಲಿಗೆ ಹೋಗೋಕೆ?"

"ತುಂಬಾ! ನೀನೂ ಬಾ ರಜದಲ್ಲಿ. ನೆಂಟರಿಗೆ ಅಂತಾನೇ ಒಂದು ರೂಮಿದೆ. ಅದು ನಿಂಗೆ ಅಂತ ನಾನೇ ಹೇಳಿಟ್ಟಿದೀನಿ."

ಗೇಜಮ್ಮ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದಳು. ತಡೆದಳು, ತಡೆದಳು, ಆಗಲಿಲ್ಲ. ಭುಜ ಕುಲುಕಿ ಕುಲುಕಿ ಅತ್ತುಬಿಟ್ಟಳು.

"ಅಪ್ಪಾ, ದೊಡ್ಡಮ್ಮ ಯಾಕೆ ಅಳ್ತಿದಾಳೆ?"

ಅವನು ಕನ್ನಡಿಯಲ್ಲಿ ಕೂಡ ಹಿಂದೆ ನೋಡಲಿಲ್ಲ. "ಖುಷಿಗೆ ಪುಟ್ಟಿ" ಅಂದ.

ಪುಟ್ಟಿ ಬಗ್ಗಿ ದೊಡ್ಡಮ್ಮನ ಮುಖವನ್ನು ಹತ್ತಿರದಿಂದ ನೋಡಿದಳು. "ಖುಷಿಗಾ ದೊಡ್ಡಮ್ಮಾ?"

ಗೇಜಮ್ಮ ಹೌದು ಅಂತ ತಲೆಯಾಡಿಸಿದಳು. ಮಗು ನಂಬಿತು.