ಬಾಲ್ಕನಿ ಇರೋ ರೂಮು

ಬಾಗಿಲು ಬಡಿಯುವ ಸದ್ದಿಗೆ ಗೋಪಾಲಪ್ಪ ಎದ್ದು ಕೂತಾಗ ಪಕ್ಕದಲ್ಲಿ ಹೆಂಡತಿ ಮುನಿರತ್ನಮ್ಮ ಇರಲಿಲ್ಲ. ಹೊದಿಕೆ ಮಡಿಸಿಟ್ಟಿತ್ತು. ಬಾಲ್ಕನಿಯ ಗಾಜಿನ ಬಾಗಿಲು ಪೂರ್ತಿ ತೆರೆದು, ಸಮುದ್ರದ ಗಾಳಿ ನೇರ ಮುಖಕ್ಕೆ ಹೊಡೆಯುತ್ತಿತ್ತು. ಆಗತಾನೇ ಬೆಳಕು ಹರಿದಿತ್ತು. ಪಂಚೆ ಬಿಗಿ ಮಾಡಿಕೊಂಡು ಬಾಗಿಲು ತೆಗೆದರೆ ಹೊರಗೆ ಬಿಳಿ ಸಮವಸ್ತ್ರದ ಅಧಿಕಾರಿ, ಅವನ ಹಿಂದೆ ಇಬ್ಬರು ಕೆಲಸದವರು, ಅವರ ಜೊತೆ ಬನಿಯನ್ನಿನಲ್ಲೇ ಓಡಿಬಂದಿದ್ದ ಮಂಜೇಶ್. ಹೊಸಕೋಟೆ ಕಡೆಯ ಹತ್ತು ಜೋಡಿಗಳನ್ನು ಮುಂಬೈಗೆ ಕರೆತಂದು ಈ ಹಡಗು ಹತ್ತಿಸಿದ ಟ್ರಾವೆಲ್ಸ್‌ನವನು ಅವನೇ.

"ಅಣ್ಣಾ, ಅಕ್ಕ ಎಲ್ಲಿ?"

"ಬಾತ್‌ರೂಮಲ್ಲಿ ಇರ್ಬೇಕು. ಯಾಕಪ್ಪಾ?"

ಮಂಜೇಶ್ ಒಳಗೆ ನುಗ್ಗಿ ಬಾತ್‌ರೂಮಿನ ಬಾಗಿಲು ತಳ್ಳಿದ. ನೆಲವೆಲ್ಲ ಒದ್ದೆ. ಯಾರೂ ಇಲ್ಲ.

"ನಿನ್ನೆ ಅಕ್ಕ ಉಟ್ಟಿದ್ದು ಹಸಿರು ಸೀರೆ ಅಲ್ವಾ ಅಣ್ಣಾ?"

"ಹೂಂ, ಹಸಿರುದು. ಏನಾಯ್ತು ಹೇಳೋ!"

ಮಂಜೇಶ್ ಅಧಿಕಾರಿಯ ಮುಖ ನೋಡಿದ. ಆಮೇಲೆ ತಡವರಿಸಿಕೊಂಡು ಹೇಳಿದ. ಹತ್ತು ನಿಮಿಷದ ಹಿಂದೆ ಕೆಳಗಿನ ಅಂತಸ್ತಿನಲ್ಲಿ ನೆಲ ತೊಳೆಯುತ್ತಿದ್ದವನೊಬ್ಬ, ಈ ಸಾಲಿನ ಯಾವುದೋ ಬಾಲ್ಕನಿಯಿಂದ ಹಸಿರು ಸೀರೆ ನೀರಿಗೆ ಬಿದ್ದದ್ದನ್ನು ಕಂಡಿದ್ದ. ಸೀರೆ ಉಬ್ಬಿಕೊಂಡಿತ್ತಂತೆ. ಒಳಗೆ ಹೆಂಗಸು ಇದ್ದಳು ಎಂದೇ ಅವನು ಹೇಳುತ್ತಿದ್ದ.

ಗೋಪಾಲಪ್ಪ ಬಾಲ್ಕನಿಗೆ ಓಡಿದ. ಕಂಬಿಯ ಬುಡದಲ್ಲಿ ಮುನಿರತ್ನಮ್ಮನ ಚಪ್ಪಲಿ ಜೋಡಿಯಾಗಿ ಇತ್ತು. ಎರಡು ದಿನದಿಂದ ಪಾದದಡಿ ಗುಂಯ್ಗುಡುತ್ತಿದ್ದ ಇಂಜಿನ್ನಿನ ಅದುರು ಕಡಿಮೆಯಾಗಿತ್ತು. ಇಷ್ಟು ದೊಡ್ಡ ಹಡಗು ತನ್ನ ಹೆಂಡತಿಗೋಸ್ಕರ ನಿಲ್ಲುತ್ತಿದೆ ಎಂಬುದು ಆಗ ತಲೆಗೆ ಹೋಯಿತು. ಕೆಳಗೆ ನೋಡಿದ. ನೀರು, ಬರೀ ನೀರು.

ಈ ಬಾಲ್ಕನಿ ಕೇಳಿ ತೆಗೆದುಕೊಂಡವಳು ಅವಳೇ. ತಿಂಗಳ ಹಿಂದೆ ಹೊಸಕೋಟೆಯ ಆಫೀಸಿನಲ್ಲಿ ಮಂಜೇಶ್ ಕಂಪ್ಯೂಟರ್ ತಿರುಗಿಸಿ ಮೂರು ಬಗೆಯ ರೂಮು ತೋರಿಸಿದ್ದ. ಕಿಟಕಿಯೇ ಇಲ್ಲದ ಒಳಗಿನ ರೂಮು, ತೆರೆಯಲು ಬಾರದ ಕಿಟಕಿಯ ರೂಮು, ಬಾಲ್ಕನಿ ಇರೋ ರೂಮು.

"ಒಳಗಿಂದೇ ಸಾಕು ಕಣಪ್ಪಾ," ಎಂದಿದ್ದ ಗೋಪಾಲಪ್ಪ. "ಮಲಗೋಕೆ ತಾನೆ ರೂಮು? ಕಣ್ ಮುಚ್ಕೊಂಡ್ಮೇಲೆ ಸಮುದ್ರ ಇದ್ರೇನು, ಗೋಡೆ ಇದ್ರೇನು?"

"ಬಾಲ್ಕನಿ ಇರೋದು ಬೇಕು," ಎಂದಳು ಮುನಿರತ್ನಮ್ಮ.

ಅಲ್ಲಿಯವರೆಗೆ ಅವಳು ಬಾಯಿ ಬಿಟ್ಟಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಬಟ್ಟೆ ಒಣಗಾಕೋಕೆ," ಎಂದಳು. ಮಂಜೇಶ್ ಬಿದ್ದು ಬಿದ್ದು ನಕ್ಕ. ಗೋಪಾಲಪ್ಪ ನಗಲಿಲ್ಲ. ಆರು ತಿಂಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಹೆಚ್ಚಿಗೆ ಮಾತಾಡದೆ ಹೂಂ ಎಂದುಬಿಟ್ಟಿದ್ದ. ಈಗ ಕಂಬಿ ಹಿಡಿದು ನಿಂತವನಿಗೆ ತನ್ನ ದಡ್ಡತನಕ್ಕೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಬಟ್ಟೆ ಒಣಗಿಸೋಕೆ ಅಂತ ಯಾರಾದರೂ ಹಡಗಿನಲ್ಲಿ ಬಾಲ್ಕನಿ ಕೇಳುತ್ತಾರೆಯೇ?

ಅಧಿಕಾರಿ ಹಿಂದೆ ಬಂದು ನಿಂತು ಏನೋ ಕೇಳಿದ. ಮಂಜೇಶ್ ತಲೆ ತಗ್ಗಿಸಿಕೊಂಡು ಅದನ್ನು ಕನ್ನಡಕ್ಕೆ ತಂದ. "ತಪ್ಪು ತಿಳ್ಕೋಬೇಡಿ ಅಣ್ಣಾ. ಜಗಳ ಗಿಗಳ ಏನಾದ್ರೂ ಆಗಿತ್ತಾ, ಅಕ್ಕ ಬೇಜಾರಲ್ಲಿದ್ರಾ ಅಂತ ಕೇಳ್ತಾವ್ರೆ."

ಬೇರೆ ಗಂಡಸಾಗಿದ್ದರೆ ನನ್ನ ಹೆಂಡತಿ ಅಂಥವಳಲ್ಲ ಎಂದು ಕೂಗಾಡುತ್ತಿದ್ದನೇನೋ. ಗೋಪಾಲಪ್ಪನ ಬಾಯಿಗೆ ಆ ಮಾತು ಬರಲೇ ಇಲ್ಲ.

"ಹಸು ಮಾರ್ಬಿಟ್ಟೆ ಕಣಪ್ಪಾ," ಎಂದ.

"ಏನಣ್ಣಾ?"

"ಮೂರು ಸೀಮೆ ಹಸು ಇದ್ವಲ್ಲ, ಅವನ್ನ. ತಮ್ಮನ ಮಗಳ ಮದುವೆ ಅಂತ ಅವಳು ತವರೂರು ಆವತಿಗೆ ಹೋಗಿದ್ಲು. ಎರಡು ದಿನ. ಬರೋದ್ರೊಳಗೆ ಲಾರಿ ಕರೆಸಿ ಹತ್ತಿಸ್ಬಿಟ್ಟೆ. ಎಲ್ಲಿಗಾದ್ರೂ ಕರೆದ್ರೆ, ಹಸ ಬಿಟ್ಟು ಹೆಂಗ್ ಬರೋದು ಅಂತಿದ್ಲು. ಮಂಡಿನೋವು ಬೇರೆ ಅವಳಿಗೆ. ಒಂದ್ ಮಾತು ಕೇಳಿದ್ರೆ ಒಪ್ತಿರ್ಲಿಲ್ಲ. ಅದಕ್ಕೇ ಕೇಳ್ಲಿಲ್ಲ."

ಬಾಗಿಲಲ್ಲಿ ಅಕ್ಕಪಕ್ಕದ ರೂಮಿನವರು ಸೇರತೊಡಗಿದ್ದರು. ಗೋಪಾಲಪ್ಪನಿಗೆ ಅವರು ಕಾಣಲಿಲ್ಲ. ಅವನ ಕಣ್ಣ ಮುಂದೆ ಇದ್ದದ್ದು ನಂದಗುಡಿಯ ಆಚೆಯ ತನ್ನ ಮನೆಯ ಕೊಟ್ಟಿಗೆ. ಮದುವೆಗೆ ಉಟ್ಟುಹೋಗಿದ್ದ ಸೀರೆಯಲ್ಲೇ ಒಳಗೆ ಹೋದವಳು ಬರೀ ಗೂಟಗಳನ್ನು ನೋಡಿ, "ಯಾರಿಗೆ ಕೊಟ್ರಿ?" ಎಂದಷ್ಟೇ ಕೇಳಿದ್ದಳು. ಹೇಳಿದ. "ಸರಿ," ಅಂದಳು. ಆಮೇಲೆ ಪೊರಕೆ ತಗೊಂಡು ಖಾಲಿ ಕೊಟ್ಟಿಗೆ ಗುಡಿಸಿದಳು.

"ಬೈಲಿಲ್ಲ, ಅಳ್ಲಿಲ್ಲ. ಅವತ್ತಿಂದ ಕಾಫಿಗೆ ಹಾಲು ಹಾಕೊಂಡಿಲ್ಲ ಅವಳು. ಪ್ಯಾಕೆಟ್ ಹಾಲು ಹಿಡಿಸಲ್ಲ ಅಂತಾಳೆ. ಸುಳ್ಳು ಅಂತ ನಂಗೆ ಗೊತ್ತು. ಈಗ್ಲೂ ನಾಲ್ಕ್ ಗಂಟೆಗೆ ಎದ್ದೇಳ್ತಾಳೆ. ಎದ್ದು ಸುಮ್ನೆ ಕೂತಿರ್ತಾಳೆ. ನಾನು ನಿದ್ದೆ ಬಂದೋನಂಗೆ ಮಲಗಿರ್ತೀನಿ." ಅವನು ಅಧಿಕಾರಿಯ ಕಡೆ ತಿರುಗಿದ. "ಅವಳೇ ಬಿದ್ದಿರೋದು. ನಾನೇ ಕಾರಣ ಅಂತ ಬರ್ಕೊಳಕ್ಕೆ ಹೇಳಪ್ಪಾ ಅವ್ರಿಗೆ."

ಮಂಜೇಶ್ ಬಾಯಿ ತೆರೆದವನು ಹಾಗೇ ನಿಂತುಬಿಟ್ಟ. ಅವನು ನೋಡುತ್ತಿದ್ದದ್ದು ಗೋಪಾಲಪ್ಪನನ್ನಲ್ಲ, ಬಾಗಿಲ ಕಡೆ.

ಬಾಗಿಲಲ್ಲಿ ಮುನಿರತ್ನಮ್ಮ ನಿಂತಿದ್ದಳು. ಕಂದು ಸೀರೆ, ಬರಿಗಾಲು, ಮುಷ್ಟಿಯಲ್ಲಿ ಒಂದಷ್ಟು ಪಿನ್ನು. ಎಷ್ಟು ಹೊತ್ತಿಂದ ನಿಂತಿದ್ದಳೋ, ಮುಂದೆ ನಿಂತವರು ಒಬ್ಬೊಬ್ಬರಾಗಿ ತಿರುಗಿ ನೋಡಿ ದಾರಿ ಬಿಟ್ಟರು. ಯಾರೋ ಹೆಂಗಸು ಕಿಟಾರನೆ ಕಿರುಚಿದಳು. ಗೋಪಾಲಪ್ಪ ಒಳಗೆ ಬಂದು ಮಂಚದ ಮೇಲೆ ಕೂತುಬಿಟ್ಟ.

"ಅಕ್ಕಾ! ಎಲ್ಲಿಗ್ ಹೋಗಿದ್ರಿ?"

"ಒಗುದ್ ಸೀರೆನ ಆ ಕಂಬಿಗೆ ಒಂದ್ ಕಡೆ ಕಟ್ಟಿದ್ದೆ. ಇನ್ನೊಂದ್ ಕಡೆಗೆ ಪಿನ್ನು ಇಸ್ಕೊಂಡ್ ಬರಾಣ ಅಂತ ನಮ್ ಜೊತೆ ಬಂದವ್ರಲ್ಲ, ಮಮತ ಟೀಚರ್, ಅವ್ರ್ ರೂಮಿಗೆ ಹೋದೆ. ಕೂತ್ಕೊಳಿ ಅಂದ್ರು, ಕೂತೆ."

"ಚಪ್ಪಲಿ ಇಲ್ಲೇ ಬಿಟ್ಟಿದೀರಲ್ಲ ಅಕ್ಕಾ!"

"ಅಂಥಾ ಜಮಖಾನ ಹಾಸವ್ರೆ ಹೊರಗೆ. ಚಪ್ಪಲೀಲಿ ತುಳಿಯಾದಾ?"

ಮಂಜೇಶ್ ನಗಲೂ ಆಗದೆ ಅಳಲೂ ಆಗದೆ ಗೋಡೆ ಹಿಡಿದುಕೊಂಡ. ಅಧಿಕಾರಿ ಕೈಯಲ್ಲಿದ್ದ ವಾಕಿಟಾಕಿಗೆ ಏನೋ ಹೇಳಿದ. ಸ್ವಲ್ಪ ಹೊತ್ತಿಗೆ ಪಾದದಡಿಯ ಅದುರು ಮತ್ತೆ ಶುರುವಾಯಿತು. ಇನ್ನು ಈ ರೂಮಿನ ಬಾಲ್ಕನಿಗೆ ಬೀಗ, ಊರು ಸೇರುವವರೆಗೆ ತೆರೆಯುವಂತಿಲ್ಲ ಎಂದು ಹೇಳಿ ಅಧಿಕಾರಿ ಒಬ್ಬ ಕೆಲಸದವನನ್ನು ಬಿಟ್ಟು ಹೊರಟ. ಜನವೂ ಕರಗಿತು.

ಗೋಪಾಲಪ್ಪ ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಇದ್ದಾಳೆ. ಉಸಿರಾಡುತ್ತಿದ್ದಾಳೆ. ಅವನಿಗೆ ಖುಷಿಯಲ್ಲಿ ಅಳು ಬಂತು.

"ಜೀವಾನೇ ಹೋದಂಗಾಯ್ತು ಕಣೇ ರತ್ನಾ."

ಅವಳು ಪಿನ್ನುಗಳನ್ನು ಮೇಜಿನ ಮೇಲೆ ಇಟ್ಟಳು.

"ನಿಮಗೆ ಗೊತ್ತಿತ್ತಾ?"

"ಏನು?"

"ಹಾಲು ಹಾಕೊಳ್ಳಲ್ಲ ಅನ್ನೋದು. ನಾಲ್ಕ್ ಗಂಟೆಗೆ ಎದ್ದು ಕೂತಿರ್ತೀನಿ ಅನ್ನೋದು. ಎಲ್ಲಾ ಗೊತ್ತಿತ್ತಾ?"

ಇಲ್ಲ ಅನ್ನುವ ಹಾಗಿರಲಿಲ್ಲ. ಇಷ್ಟು ಜನರೆದುರು ಬಾಯಾರೆ ಹೇಳಿಯಾಗಿತ್ತು.

"ಪಾಪ ಇವ್ರಿಗೆ ಗೊತ್ತಾಗಿಲ್ಲ, ಗಂಡಸ್ರಿಗೆ ಅದೆಲ್ಲ ಹೊಳೆಯಲ್ಲ ಅಂದ್ಕೊಂಡು ಆರ್ ತಿಂಗ್ಳು ಸಮಾಧಾನ ಮಾಡ್ಕೊಂಡಿದ್ದೆ ನಾನು," ಎಂದಳು ಮುನಿರತ್ನಮ್ಮ.

ಅವಳ ದನಿ ಏರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಹೊಡೆದಿದ್ದರೂ ಚೆನ್ನಾಗಿತ್ತು.

ಬಾಲ್ಕನಿಯಲ್ಲಿ ಕೆಲಸದವನು, ಕಂಬಿಯ ಮೂಲೆಗೆ ಅಂಟಿಕೊಂಡು ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಿದ್ದ ಹಸಿರು ಚೂರಿನ ಜೊತೆ ಗುದ್ದಾಡುತ್ತಿದ್ದ. ಗಾಳಿಗೆ ಸೀರೆ ಹರಿದು ಹೋಗಿತ್ತು, ಗಂಟು ಮಾತ್ರ ಬಿಚ್ಚಿರಲಿಲ್ಲ. ಉಗುರಿನಲ್ಲಿ ಕೆರೆದು ಸಾಕಾಗಿ ಅವನು ಜೇಬಿನಿಂದ ಚಾಕು ತೆಗೆದ. ಮುನಿರತ್ನಮ್ಮ ಹೋಗಿ ಅವನ ಕೈ ಸರಿಸಿ, ತುದಿಯೊಂದನ್ನು ಹಿಡಿದು ಒಮ್ಮೆ ಎಳೆದಳು. ಗಂಟು ಸರಕ್ಕನೆ ಬಿಚ್ಚಿಕೊಂಡಿತು. ದಿನಾ ಬೆಳಿಗ್ಗೆ ಹಸುಗಳನ್ನು ಗೂಟದಿಂದ ಬಿಚ್ಚುತ್ತಿದ್ದದ್ದೂ ಅವಳು ಹೀಗೆಯೇ.

ಚೂರನ್ನು ಕೈಗೆ ಸುತ್ತಿಕೊಂಡು ಅವಳು ಒಳಗೆ ಬಂದಳು. ಕೆಲಸದವನು ಬಾಗಿಲು ಎಳೆದು ಬೀಗ ಹಾಕಿ ಹೋದ. ಗೋಪಾಲಪ್ಪ ಮಂಚದ ತುದಿಗೆ ಸರಿದು ಜಾಗ ಮಾಡಿದ. ಅವಳು ಕೂರಲಿಲ್ಲ. ಗಾಜಿನ ಆಚೆ ಕಂಬಿಯ ಬುಡದಲ್ಲಿ ಅವಳ ಚಪ್ಪಲಿ ಇನ್ನೂ ಜೋಡಿಯಾಗಿ ಬಿದ್ದಿತ್ತು.