ಅದು ಬೂಷ್ಟಲ್ಲ, ಮೊಟ್ಟೆ

ಬಟ್ಟೆ ಒಗೆಯುವ ಮನೆಯವರಿಗೆ ಬೂಷ್ಟಿಗಿಂತ ದೊಡ್ಡ ಶತ್ರು ಇಲ್ಲ. ಕೊಳೆ ಹೋಗುತ್ತದೆ, ಎಣ್ಣೆಯ ಕಲೆಯೂ ಹೋಗುತ್ತದೆ. ಆದರೆ ಒದ್ದೆ ಬಟ್ಟೆಯನ್ನು ಮುದ್ದೆಮಾಡಿ ಮರೆತರೆ ಹಿಡಿಯುವ ಬೂಷ್ಟು ಬಟ್ಟೆಯನ್ನು ತೆಗೆದುಕೊಂಡೇ ಹೋಗುತ್ತದೆ. ಬಿಳುಪಜ್ಜಿ ಈ ಪಾಠವನ್ನು ತನ್ನ ಅತ್ತೆಯಿಂದ ಕಲಿತಿದ್ದಳು. ಅವಳ ಕೈಯಲ್ಲಿ ಎಂಥ ಹಾಸುಬಟ್ಟೆಯೂ ಹಾಲಿನಂತೆ ಬೆಳ್ಳಗಾಗುತ್ತಿತ್ತು. ಬೀದಿಯವರು ಅವಳಿಗೆ ಆ ಹೆಸರಿಟ್ಟದ್ದೂ ಅದಕ್ಕೇ.

ಹೀಗಿರುವಾಗ ಹಿತ್ತಲಿನ ಬೀನ್ಸ್ ಬಳ್ಳಿಯ ಎಲೆಗಳ ಅಡಿಯಲ್ಲಿ ಕೂದಲಿನಂಥ ಬಿಳಿ ಎಳೆಗಳನ್ನು ಕಂಡ ದಿನ ಅವಳು ಗಾಬರಿಬಿದ್ದಳು. ಮೊದಲೇ ಬಳ್ಳಿಯ ಕುಡಿಗಳಿಗೆಲ್ಲ ರಸ ಹೀರುವ ಕಪ್ಪು ಹೇನು ಮುತ್ತಿ, ಎಲೆಗಳು ಮುದುಡಿಕೊಂಡಿದ್ದವು. ಗಾಯದ ಮೇಲೆ ಬರೆ ಎಂಬಂತೆ ಈಗ ಬೂಷ್ಟು ಬೇರೆ. ಅಂದಿನಿಂದ ಅಜ್ಜಿ ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿದವಳೇ ಒದ್ದೆ ಬಟ್ಟೆ ಹಿಡಿದು ಒಂದೊಂದೇ ಎಲೆಯನ್ನು ಒರೆಸತೊಡಗಿದಳು.

ಅದು ಬರಿಯ ಬಳ್ಳಿಯಾಗಿದ್ದರೆ ಅಜ್ಜಿ ಇಷ್ಟು ಸಂಕಟಪಡುತ್ತಿರಲಿಲ್ಲ. ಬಿಳಿಯ ಕಾಳಿನ ಮೇಲೆ ಕೆಂಪು ಚುಕ್ಕೆಯಿರುವ ಆ ಬೀನ್ಸ್ ಅವಳ ಗಂಡನದು. ಪ್ರತಿ ಸಲವೂ ಒಳ್ಳೆಯ ಕಾಯಿಗಳನ್ನು ಆರಿಸಿ ಒಣಗಿಸಿ ಬೀಜ ಕಾಯ್ದಿಡುತ್ತಿದ್ದವನು ಅವನು. ಹೋದ ವರ್ಷ ಅವನು ತೀರಿಕೊಂಡ. ಆ ದುಃಖದಲ್ಲಿ ಬೀಜದ ಡಬ್ಬಿಯ ಕಡೆ ಯಾರೂ ತಿರುಗಿ ನೋಡಲಿಲ್ಲ. ನೋಡುವ ಹೊತ್ತಿಗೆ ಬಹುಪಾಲು ಕಾಳಿಗೆ ಹುಳು ಹಿಡಿದಿತ್ತು. ಉಳಿದದ್ದನ್ನು ಬಿತ್ತಿದಾಗ ಮೊಳೆತದ್ದು ಇದೊಂದೇ. ಇದೂ ಕಾಯಿ ಕಟ್ಟದೆ ಒಣಗಿದರೆ ಆ ಬೀಜದ ವಂಶ ಅಲ್ಲಿಗೆ ಮುಗಿದಂತೆ.

"ಅಮ್ಮ ಬಟ್ಟೆ ಬಿಟ್ಟು ಈಗ ಎಲೆ ಒಗೆಯೋಕೆ ಶುರು ಮಾಡಿದ್ದಾಳೆ" ಎಂದ ಮಗ, ಇಸ್ತ್ರಿಯ ಮೇಜಿನಿಂದಲೇ. "ನಾಳೆ ಇಸ್ತ್ರಿನೂ ಮಾಡು ಅಂತ ತಂದುಕೊಡ್ತಾಳೆ."

"ನಗು ನಗು. ನಿಮ್ಮಪ್ಪ ಇದ್ದಿದ್ರೆ ಹೀಗೆ ನಿಂತು ನಗ್ತಿರಲಿಲ್ಲ."

ಮಗನ ನಗು ನಿಂತಿತು. ಹೊರಗೆ ಹೋದವನು, ಬರುವಾಗ ಬೀಜದಂಗಡಿಯಿಂದ ವಿಷದ ಬಾಟಲಿ ತಂದ. "ಸಾಯಂಕಾಲ ಹೊಡೆದುಬಿಡ್ತೀನಿ. ಹೇನೂ ಹೋಗತ್ತೆ, ನಿನ್ನ ಬೂಷ್ಟೂ ಹೋಗತ್ತೆ."

ಬಾಟಲಿ ಕಂಡು ಸೊಸೆ ಮಗುವನ್ನು ಎತ್ತಿಕೊಂಡೇ ಹೊರಗೆ ಬಂದಳು. "ಏನ್ರೀ ಇದು? ಬಳ್ಳಿ ಪಕ್ಕದಲ್ಲೇ ಹಗ್ಗ, ಹಗ್ಗದ ತುಂಬ ಊರವರ ಬಟ್ಟೆ. ಪಾಪುವಿನ ಬಟ್ಟೆನೂ ಅಲ್ಲೇ ಒಣಗೋದು. ಎಲ್ಲದರ ಮೇಲೂ ವಿಷ ಬೀಳಲ್ವಾ?"

"ಒಂದು ದಿನ ಬಟ್ಟೆ ಒಳಗೆ ಹಾಕೋಣ ಕಣೇ" ಎಂದಳು ಅಜ್ಜಿ.

"ಒಳಗೆ ಹಾಕಿದ್ರೆ ಬೂಷ್ಟು ಹಿಡಿಯತ್ತೆ ಅಂತ ನೀವೇ ಬೈತೀರಲ್ಲ, ಅತ್ತೆ."

ಅತ್ತ ಮೊಮ್ಮಗು, ಇತ್ತ ಹೋದವನ ಬಳ್ಳಿ. ಅಜ್ಜಿ ಮತ್ತೆ ಎಲೆ ಒರೆಸಲು ಕುಳಿತಳು.

ಅಷ್ಟರಲ್ಲಿ ಬೆಳೆ ಸಂಶೋಧನೆಯ ಕಚೇರಿಯ ಮೇಡಂ ತಮ್ಮ ಬಿಳಿ ಕೋಟುಗಳನ್ನು ಒಯ್ಯಲು ಬಂದರು. ಅಜ್ಜಿ ಅವರನ್ನು ಕೋಟಮ್ಮ ಎಂದೇ ಕರೆಯುತ್ತಿದ್ದಳು.

"ಏನಜ್ಜಿ, ಗಿಡಕ್ಕೂ ಸ್ನಾನನಾ?"

"ಬೂಷ್ಟು ಕಣಮ್ಮ ಕೋಟಮ್ಮ. ಎಷ್ಟು ಒರೆಸಿದ್ರೂ ಮತ್ತೆ ಬರತ್ತೆ."

ಮೇಡಂ ಬಗ್ಗಿ ನೋಡಿದವರು ಥಟ್ಟನೆ ಅಜ್ಜಿಯ ಕೈ ಹಿಡಿದುಕೊಂಡರು. "ನಿಲ್ಲಿ ಅಜ್ಜಿ. ಇದನ್ನ ಒರೆಸಬೇಡಿ."

ಅವರು ಎಲೆಯನ್ನು ಮೆಲ್ಲನೆ ಮಗುಚಿ ಬೆಳಕಿಗೆ ಹಿಡಿದರು. "ಬೂಷ್ಟು ಆಗಿದ್ರೆ ಹಿಟ್ಟು ಚೆಲ್ಲಿದ ಹಾಗೆ ಹರಡ್ತಿತ್ತು. ಇಲ್ಲಿ ನೋಡಿ, ಒಂದೊಂದು ಎಳೆನೂ ಬೇರೆಬೇರೆ ನಿಂತಿದೆ. ತುದೀಲಿ ಏನು ಕಾಣತ್ತೆ?"

ಕಲೆ ಹುಡುಕಿ ಪಳಗಿದ ಕಣ್ಣು ಅಜ್ಜಿಯದು. "ಗುಂಡುಸೂಜಿಗೆ ತಲೆ ಇದ್ದ ಹಾಗಿದೆ. ಸಣ್ಣದು. ಹಸಿರು ಬಿಳುಪು."

"ಅದು ಮೊಟ್ಟೆ. ಹಸಿರು ಮೈ, ಜಾಲರಿ ಥರ ತೆಳ್ಳನೆ ರೆಕ್ಕೆ, ಚಿನ್ನದ ಬಣ್ಣದ ಕಣ್ಣು. ಸಂಜೆ ದೀಪಕ್ಕೆ ಬರತ್ತಲ್ಲ, ಆ ಕೀಟದ್ದು. ಪುಸ್ತಕದಲ್ಲಿ ಕ್ರೈಸೋಪರ್ಲಾ ಅಂತಾರೆ."

"ಆ ಹೆಸರು ನನ್ನ ಬಾಯಲ್ಲಿ ನಿಲ್ಲಲ್ಲ. ಮೊಟ್ಟೆನ ಕಡ್ಡಿಗೆ ಯಾಕೆ ಚುಚ್ಚಿಟ್ಟಿದೆ?"

"ಇರುವೆ ಕೈಗೆ ಸಿಗಬಾರದು ಅಂತ. ಇನ್ನೊಂದು ಕಾರಣ ಕೇಳಿದ್ರೆ ನಗ್ತೀರಿ. ಮೊದಲು ಹುಟ್ಟಿದ ಮರಿಗೆ ಎಷ್ಟು ಹಸಿವು ಅಂದ್ರೆ, ಪಕ್ಕದಲ್ಲಿದ್ರೆ ತಮ್ಮ ತಂಗೀನೂ ಬಿಡಲ್ಲ."

"ಥೂ, ಎಂಥ ಸಂಸಾರ" ಎಂದ ಮಗ. "ಅಂಥದ್ದು ನಮ್ಮ ಬಳ್ಳಿ ತಿನ್ನದೆ ಬಿಡತ್ತಾ?"

"ಎಲೆ ಮುಟ್ಟಲ್ಲ. ಅದಕ್ಕೆ ಬೇಕಾಗಿರೋದು ಹೇನು. ಒಂದೊಂದು ಮರಿ ನೂರಾರು ಹೇನು ಹೀರಿಹಾಕತ್ತೆ. ನೀವು ಆ ಬಾಟಲಿ ಹೊಡೆದ್ರೆ ಹೇನಿನ ಜೊತೆ ಇದೂ ಸಾಯತ್ತೆ. ಹೇನು ಬೇಗ ಮತ್ತೆ ಹುಟ್ಟತ್ತೆ. ಅದನ್ನ ತಿನ್ನೋರು ಮಾತ್ರ ಇರಲ್ಲ."

ಅಜ್ಜಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನೋಡಿದಳು. ಮುಖ ಬಾಡಿತು. "ಅಯ್ಯೋ ದೇವರೇ. ನೀನು ಕಾವಲಿಗೆ ಕಳಿಸಿದವರನ್ನ ನಾನೇ ದಿನಾ ಒರೆಸಿ ಹಾಕಿದ್ನಲ್ಲ."

"ಗೊತ್ತಿಲ್ಲದೆ ಆಗಿದ್ದು ಅಜ್ಜಿ. ಎಲ್ಲಾನೂ ಒರೆಸಿದ್ದೀರಾ, ನೋಡೋಣ."

ಸೊಸೆ ಮಗುವನ್ನು ಗಂಡನ ಕೈಗೆ ಕೊಟ್ಟು, ನೀರಿನ ಕೊಳವೆಯ ಹಿಂದಕ್ಕೆ ಹರಿದಿದ್ದ ಬಳ್ಳಿಯನ್ನು ಸರಿಸಿದಳು. ಅಜ್ಜಿಯ ಕೈ ಅಲ್ಲಿಗೆ ಎಟುಕುತ್ತಿರಲಿಲ್ಲ. ಪ್ರತಿ ಎಲೆಯ ಅಡಿಯಲ್ಲೂ ಎಳೆಗಳು ಸಾಲುಗಟ್ಟಿ ನಿಂತಿದ್ದವು.

"ಇದೆ ಅತ್ತೆ, ಬೇಕಾದಷ್ಟಿದೆ."

ಅಜ್ಜಿಗೆ ಹೋದ ಜೀವ ಬಂದಂತಾಯಿತು. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. "ಅವು ಹುಟ್ಟಿ ತಿನ್ನೋ ಹೊತ್ತಿಗೆ ಬಳ್ಳಿ ಸತ್ತೋದ್ರೆ?"

"ಅಲ್ಲಿವರೆಗೆ ನೀವೂ ಕೆಲಸ ಮಾಡಿ. ಮೊಟ್ಟೆ ಇಲ್ಲದ ಕುಡಿ ನೋಡಿ, ಪೈಪಿನಿಂದ ನೀರು ಹಾಯಿಸಿ ಹೇನು ಉದುರಿಸಿ. ತೀರ ಕೆಟ್ಟಿರೋ ತುದಿ ಚಿವುಟಿ ಹಾಕಿ. ಮೊಟ್ಟೆ ಇರೋ ಎಲೆ ಮಾತ್ರ ಮುಟ್ಟಬೇಡಿ. ಒಂದು ಹೇನೂ ಉಳಿಯಲ್ಲ ಅಂತ ನಾನು ಹೇಳಲ್ಲ. ಬಳ್ಳಿ ಹೂ ಬಿಡೋಕೆ ಎಲ್ಲಾ ಹೇನೂ ಹೋಗಲೇಬೇಕು ಅಂತಾನೂ ಇಲ್ಲ."

"ಪಾಪುನ ಕಚ್ಚಿದ್ರೆ?" ಎಂದು ಸೊಸೆ ಕೇಳಿದಳು.

"ಕೈಗೆ ಹತ್ತಿದ್ರೆ ಅಪರೂಪಕ್ಕೆ ಒಂಚೂರು ಚುರ್ ಅನ್ನಬಹುದು. ಮೈಗೆ ಏರೋ ವಿಷ ಅಲ್ಲ. ನೀರಲ್ಲಿ ತೊಳೆದ್ರೆ ಸಾಕು."

ಮಗನಿಗೆ ನಂಬಿಕೆ ಬರಲಿಲ್ಲ. "ನೋಡೋಣ" ಎಂದು ಬಾಟಲಿಯನ್ನು, ಮುಚ್ಚಳ ತೆಗೆಯದೆಯೇ, ಮಗುವಿನ ಕೈಗೆ ಸಿಗದ ಹಾಗೆ ಬೀರುವಿನಲ್ಲಿಟ್ಟು ಬೀಗ ಹಾಕಿದ.

ಕೆಲವು ದಿನ ಕಳೆದ ಮೇಲೆ ಅಜ್ಜಿಗೆ ಎಲೆಯ ಮೇಲೆ ಒಂದು ಹುಳು ಕಂಡಿತು. ಅಕ್ಕಿಕಾಳಿಗಿಂತ ಚಿಕ್ಕದು, ಮಾಸಲು ಕಂದು ಬಣ್ಣ, ನೋಡಲು ಮೊಸಳೆಯ ಮರಿಯಂತೆ. ಮುಂದೆ ಕುಡುಗೋಲಿನಂಥ ಎರಡು ಕೊಂಬು. ಹೊಸಕಲು ಬೆರಳು ಚಾಚಿದವಳು ಅರೆಕ್ಷಣ ತಡೆದಳು. ಹುಳು ಹೇನೊಂದನ್ನು ಆ ಕೊಂಬುಗಳಲ್ಲಿ ಇರಿದು ಮೇಲೆತ್ತಿ, ಹೀರಿ, ಸಿಪ್ಪೆಯನ್ನು ಅತ್ತ ಎಸೆಯಿತು. ಮತ್ತೊಂದಕ್ಕೆ ಹೋಯಿತು.

"ಬಾರೇ ಇಲ್ಲಿ, ಬೇಗ ಬಾ" ಎಂದು ಅಜ್ಜಿ ಸೊಸೆಯನ್ನು ಕರೆದಳು. "ನೋಡು, ಹಿಂಡಿ ಹಿಂಡಿ ಬಿಸಾಡ್ತಿದೆ. ನೀನು ಹಾಸುಬಟ್ಟೆನ ಒಂದು ದಿನವಾದ್ರೂ ಹೀಗೆ ಹಿಂಡಿದ್ದೀಯಾ?"

"ಆ ಕೊಂಬು ನನಗೂ ಕೊಡಿಸಿ ಅತ್ತೆ, ಹಿಂಡ್ತೀನಿ."

ಅತ್ತೆ ಸೊಸೆ ಇಬ್ಬರೂ ನಕ್ಕರು. ಅಜ್ಜ ಹೋದ ಮೇಲೆ ಆ ಹಿತ್ತಲಲ್ಲಿ ಅಜ್ಜಿ ನಕ್ಕದ್ದು ಅದೇ ಮೊದಲು. ಒಳಗಿದ್ದ ಮಗ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಹೊರಗೆ ಬಂದ. ಬಹಳ ಹೊತ್ತು ಎಲೆಗೆ ಮೂಗು ತಾಗಿಸಿಕೊಂಡು ಕುಳಿತಿದ್ದ.

ವಾರ ಕಳೆಯಿತು, ಇನ್ನೊಂದು ವಾರವೂ ಹೋಯಿತು. ಕುಡಿಗಳ ಮೇಲಿನ ಕಪ್ಪು ತೆಳುವಾಯಿತು. ಮರಿಗಳು ಎಲೆಯ ಮಡಿಕೆಗಳಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಬಿಳಿ ಗೂಡು ಕಟ್ಟಿ ಒಳಗೆ ಸೇರಿಕೊಂಡವು. ಅದನ್ನೂ ಯಾರೂ ಒರೆಸಲಿಲ್ಲ. ಹೊಸ ಎಲೆಗಳು ಮುದುಡದೆ ಬಿಚ್ಚಿಕೊಂಡವು, ಹೂ ಬಂತು, ಹೂವಿನ ಹಿಂದೆ ಕಾಯಿ ಇಳಿಯಿತು.

ಮಗ ಬಾಟಲಿಯನ್ನು ಅಂಗಡಿಗೆ ಹಿಂತಿರುಗಿಸಿದ. "ಯಾಕೆ, ಹೇನು ಹೋಯ್ತಾ?" ಎಂದು ಅಂಗಡಿಯವನು ಕೇಳಿದ.

"ನಮ್ಮ ಹಿತ್ತಲಲ್ಲಿ ಆಗಲೇ ಕೆಲಸಕ್ಕೆ ಜನ ಇದ್ದಾರಂತೆ. ನಮಗೇ ಗೊತ್ತಿರಲಿಲ್ಲ" ಎಂದ ಮಗ.

ಕಾಯಿ ಒಣಗಿದಾಗ ಅಜ್ಜಿ ಮೊದಲನೆಯದನ್ನು ತಾನೇ ಬಿಡಿಸಿದಳು. ಬಿಳಿ ಕಾಳು, ಅದರ ಮೇಲೆ ಕೆಂಪು ಚುಕ್ಕೆ. "ಸದ್ಯ" ಎಂದಷ್ಟೇ ಹೇಳಿ, ಕಾಳುಗಳನ್ನು ಸೊಸೆಯ ಅಂಗೈಗೆ ಹಾಕಿ, ಅವಳ ಬೆರಳುಗಳನ್ನು ತಾನೇ ಮಡಿಸಿದಳು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಗಿಡಕ್ಕೂ ಹೇನು ಮುತ್ತಬಹುದು. ವಿಷಕ್ಕೆ ಕೈ ಹಾಕುವ ಮೊದಲು ಒಂದು ಎಲೆ ಮಗುಚಿ ನೋಡಿ. ಎಳೆಯ ತುದಿಯಲ್ಲಿ ಸೂಜಿತಲೆಯಂಥ ಮೊಟ್ಟೆ ಇದ್ದರೆ, ಕೊಂಬಿನ ಪುಟ್ಟ ಮೊಸಳೆ ಓಡಾಡುತ್ತಿದ್ದರೆ, ಸಂಜೆ ದೀಪದ ಬಳಿ ಚಿನ್ನದ ಕಣ್ಣಿನ ಹಸಿರು ಕೀಟ ಬಂದು ಕೂತರೆ, ಅವುಗಳನ್ನು ಹೊಸಕಬೇಡಿ, ಒರೆಸಬೇಡಿ. ಗುರುತು ಸಿಗದಿದ್ದರೆ ಬಲ್ಲವರನ್ನು ಕರೆದು ತೋರಿಸಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ದೇವರು ಪ್ರತಿ ಬಾಯಿಗೂ ಒಂದು ಕೆಲಸ ಕೊಟ್ಟಿದ್ದಾನೆ. ಆ ಕೆಲಸ ಮಾಡಲು ಅವಕ್ಕೆ ನಾಲ್ಕು ದಿನ ಬಿಟ್ಟುಕೊಡಿ.

ಇಷ್ಟು ಓದಿದಿರಲ್ಲ, ಈ ಕಾಗದವನ್ನು ಇಲ್ಲೇ ಇಟ್ಟು ಹಿತ್ತಲಿಗೊಮ್ಮೆ ಹೋಗಿ ಬನ್ನಿ.