ಭಾವನ ಹೆಸರು

ನನ್ನ ಹೆಂಡತಿಯ ಅಣ್ಣನ ಹೆಸರನ್ನು ನಾನು ಈ ಕತೆಯಲ್ಲೂ ಹೇಳುವುದಿಲ್ಲ. ಬೇಕಾದರೆ ಕೋಪ ಮಾಡಿಕೊಳ್ಳಿ. ಉತ್ತರದ ಸಮುದ್ರದಲ್ಲಿರುವ ನಮ್ಮ ಮಾಬುಯಾಗ್ ದ್ವೀಪದಲ್ಲಿ ಭಾವನ ಹೆಸರನ್ನು ಬಾಯಲ್ಲಿ ತರುವುದಿಲ್ಲ; ನನ್ನದನ್ನು ಅವರೂ ತರುವುದಿಲ್ಲ. ಈಗ ಟೌನ್ಸ್‌ವಿಲ್ ಪಟ್ಟಣದಲ್ಲಿ ನನ್ನ ಮೊಮ್ಮಕ್ಕಳು ನೆಂಟರನ್ನೆಲ್ಲ ಹೆಸರು ಹಿಡಿದು ಬೀದಿಗೆ ಕೇಳುವಂತೆ ಕೂಗುತ್ತಾರೆ. ಮೊದಲು ಮೈ ಉರಿಯುತ್ತದೆ. ಆಮೇಲೆ ಹಳೆಯದೆಲ್ಲ ನೆನಪಾಗುತ್ತದೆ.

ಅರವತ್ತೆರಡನೇ ಇಸವಿ. ಅಂಗಿಗೆ ಪ್ಲಾಸ್ಟಿಕ್ ಗುಂಡಿ ಬಂದು, ಗುಂಡಿ ಮಾಡುವ ಮುತ್ತಿನ ಚಿಪ್ಪನ್ನು ಕೇಳುವವರೇ ಇಲ್ಲವಾಗಿತ್ತು. ನಾನು ಚಿಪ್ಪು ತೆಗೆಯಲು ಹೋಗುತ್ತಿದ್ದ ದೋಣಿ ದಡದಲ್ಲೇ ಕೊಳೆಯುತ್ತಿತ್ತು. ನನ್ನ ಹೆಂಡತಿ ಎಸ್ತೇರಿ ತುಂಬು ಬಸುರಿ. ಅಷ್ಟರಲ್ಲಿ ದಕ್ಷಿಣದಿಂದ ಅವಳ ಅಣ್ಣ ಹೇಳಿಕಳಿಸಿದರು: ರೈಲು ಹಳಿ ಹಾಕುವಲ್ಲಿ ಕೆಲಸವಿದೆ, ಬಂದು ನನ್ನ ಕಡೆಯವನು ಅನ್ನಲಿ, ಸಾಕು. ಎರಡು ದೋಣಿ, ಮೂರು ರೈಲು ಬದಲಿಸಿ ಹನ್ನೊಂದನೇ ದಿನ ಜೂಲಿಯಾ ಕ್ರೀಕ್ ಊರಿನಾಚೆಯ ಹುಲ್ಲುಬಯಲಲ್ಲಿ ಇಳಿದೆ. ಎತ್ತ ನೋಡಿದರೂ ಒಣ ನೆಲ. ಸಮುದ್ರವೇ ಕಾಣದ ಜಾಗದಲ್ಲಿ ಜನ ಹೇಗೆ ಉಸಿರಾಡುತ್ತಾರೆ ಅನ್ನಿಸಿತು.

ಗುಡಾರದ ಮುಂದೆ ಮೇಸ್ತ್ರಿ ಡಾಯ್ಲ್ ಕೂತಿದ್ದ. ಬಿಳಿಯ, ಆ ಕ್ಯಾಂಪಿಗೆ ಹೊಸಬ. ನನ್ನ ಹೆಸರು ಬರೆದುಕೊಂಡ.

"ಯಾರ ಕಡೆಯವನು ನೀನು?"

"ಹೆಂಡ್ತಿ ಅಣ್ಣ ಇಲ್ಲಿದಾರೆ ಸಾರ್."

"ಹೆಸರು?"

ನಾನು ನೆಲ ನೋಡಿದೆ.

"ಇಲ್ಲಿ ಹತ್ತೊಂಬತ್ತು ಜನ ಇದಾರಯ್ಯ. ಎಲ್ರೂ ಯಾರದೋ ಹೆಂಡ್ತಿ ಅಣ್ಣಂದಿರೇ."

"ಎತ್ತರಕ್ಕಿದಾರೆ. ಎಡಗೈಲಿ ಕಿರುಬೆರಳಿಲ್ಲ, ಸಾರ್."

"ನಾನ್ ಕೇಳಿದ್ದು ಹೆಸರು, ಬೆರಳಲ್ಲ. ದಿನಾ ಇಬ್ರು ಬರ್ತಾರೆ, ಕೇಳಿದ್ರೆ ಎಲ್ಲಾ ನೆಂಟರೇ. ನಾಲ್ಕೂವರೆಗೆ ವಾಪಸ್ ರೈಲಿದೆ. ಹೆಸರು ಹೇಳು, ಇಲ್ಲಾ ರೈಲು ಹತ್ತು."

ಹೇಳಬಹುದಿತ್ತು. ಕೇಳಿಸಿಕೊಳ್ಳಲು ನನ್ನವರು ಒಬ್ಬರೂ ಅಲ್ಲಿರಲಿಲ್ಲ. ಎಸ್ತೇರಿ ಕಣ್ಣ ಮುಂದೆ ಬಂದಳು. ಎರಡು ಸಲ ಬಾಯಿ ತೆರೆದೆ, ನಾಲಿಗೆ ಏಳಲಿಲ್ಲ. ಬರಿಗೈಯಲ್ಲಿ ಹೋಗಿ ಅವಳಿಗೆ ಏನು ಹೇಳಲಿ ಎಂದು ಯೋಚಿಸುತ್ತ ಹಳಿಯ ಪಕ್ಕ ಕೂತುಬಿಟ್ಟೆ.

ನಾಲ್ಕು ಗಂಟೆಗೆ ಹಳಿಯ ಮೇಲೆ ಕೆಲಸದವರ ಟ್ರಾಲಿ ಬಂತು. ನನ್ನನ್ನೂ ಭಾವನನ್ನೂ ಬಿಟ್ಟರೆ ಉಳಿದವರೆಲ್ಲ ಪೂರ್ವದ ದ್ವೀಪಗಳವರು; ಪದ್ಧತಿ ನಮ್ಮದೇ, ಆದರೆ ನನ್ನನ್ನು ಕಂಡವರಲ್ಲ. ಭಾವ ಇಳಿದು ಬಂದರು.

"ಇವನು ಯಾರ ಕಡೆಯವನು?" ಡಾಯ್ಲ್ ಕೂಗಿದ.

"ನನ್ನ ಕಡೆಯವರು. ತಂಗಿ ಗಂಡ," ಅಂದರು ಭಾವ.

"ಹಂಗಾದ್ರೆ ಇವನ ಹೆಸರು ಹೇಳು. ಬರ್ಕೊಂಡಿದೀನಿ, ತಾಳೆ ನೋಡ್ತೀನಿ."

ಭಾವ ನೆಲ ನೋಡಿದರು.

"ಇವನೂ ಸುಳ್ಳ, ನೀನೂ ಸುಳ್ಳ. ಹೇಳ್ತೀಯೋ, ಅದೇ ರೈಲಿಗೆ ನೀನೂ ಹತ್ತುತೀಯೋ?"

ಭಾವ ತಮ್ಮ ಗುಡಾರದೊಳಗೆ ಹೋದರು. ಹೊರಗೆ ಬಂದಾಗ ಕಂಬಳಿ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದರು. ಬಂದು ನನ್ನ ಪಕ್ಕ ನಿಂತರು. ಒಂದೂವರೆ ವರ್ಷದ ಕೆಲಸ ಅವರದು. ನನಗೆ ನಾಚಿಕೆಯಿಂದ ಅಳುವೇ ಬಂತು.

ಆಗ ಅವರಲ್ಲೊಬ್ಬ, ಮುದುಕ ಸಿಮೆಯೋನ್, ಟ್ರಾಲಿಯ ಮೇಲಿಂದಲೇ ಹೇಳಿದ: "ಬಾಸ್, ಇವರಲ್ಲಿ ಒಬ್ಬ ಹೆಸರು ಹೇಳಿದ್ರೂ ನಾನೇ ಬಂದು ಸುಳ್ಳು ಅಂತಿದ್ದೆ. ಭಾವನ ಹೆಸರು ಹೇಳೋನು ಭಾವ ಅಲ್ಲ ನಮ್ಮಲ್ಲಿ."

"ಮೊದ್ಲೇ ಬೊಗಳೋಕೆ ಏನಾಗಿತ್ತು?"

"ನೀವು ನನ್ನ ಕೇಳ್ಲಿಲ್ವಲ್ಲ."

ಡಾಯ್ಲ್ ಒಂದು ಸಲಿಕೆ ತಂದು ನನ್ನ ಕಾಲ ಬಳಿ ಎಸೆದು, "ಬೆಳಿಗ್ಗೆ ಐದಕ್ಕೆ," ಎಂದು ಒಳಗೆ ಹೋದ.

ಸಂಜೆ ಅನ್ನ, ಡಬ್ಬಿಯ ಮಾಂಸ ಹಾಕಿಕೊಂಡು ನಾವಿಬ್ಬರೂ ಬಯಲಿಗೆ ಮುಖ ಮಾಡಿ ಕೂತೆವು. ಅವರು ತಂಗಿಯನ್ನು ವಿಚಾರಿಸಿದರು, ಆಮೆಗಳು ಈ ಸಲ ಬಂದವಾ ಎಂದು ಕೇಳಿದರು. ಹಾಗೆ ಕೇಳುವವರು ಈಗ ನನಗೆ ಯಾರೂ ಉಳಿದಿಲ್ಲ.

ನನಗೆ ತಡೆಯಲಾಗಲಿಲ್ಲ. "ಕೆಲಸ ಹೋಗ್ತಿತ್ತಲ್ಲ ಭಾವ. ಒಂದೇ ಒಂದ್ಸಲ ತಾನೆ, ಹೇಳಿಬಿಡಬಹುದಿತ್ತು."

ಅವರು ಬಾಯಲ್ಲಿದ್ದ ತುತ್ತು ನಿಧಾನವಾಗಿ ಅಗಿದು ನುಂಗಿದರು.

"ನೀವು ಹೇಳಿದ್ರಾ?" ಅಂದರು.